(2024ರ ಅಕ್ಟೋಬರ್‌ನಲ್ಲಿ, ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮುಂಚೆ ಬರೆದದ್ದು.) ಟ್ರಂಪ್, ಹ್ಯಾರಿಸ್ ಇಬ್ಬರೂ ಇಷ್ಟವಿಲ್ಲ. ಬ್ಯಾಲೆಟ್‌ನಲ್ಲಿ ಅಧ್ಯಕ್ಷರ ಜಾಗ ಖಾಲಿ ಬಿಡಬಹುದಾ?

ಖಾಲಿ ಬಿಡಬೇಡಿ. 2016ರಲ್ಲಿ ನಾನು ಬಿಟ್ಟಿದ್ದೆ, ಅದೂ ನೀವಿರುವ ಇದೇ ಮಿಷಿಗನ್‌ನಲ್ಲಿ.

ಸಿಟಿಜನ್ ಆಗಿ ಒಂದು ವರ್ಷ ಆಯಿತು, ಅಧ್ಯಕ್ಷರಿಗೆ ಹಾಕುವ ಮೊದಲ ವೋಟು ಇದು, ಟ್ರಂಪ್ ಕಂಡರೆ ಆಗಲ್ಲ, ಹ್ಯಾರಿಸ್ ಮೇಲೆ ನಂಬಿಕೆ ಇಲ್ಲ, ಇಂಡಿಯಾದ ನೋಟಾ ಥರ ಆ ಜಾಗ ಖಾಲಿ ಬಿಟ್ಟು ಸಿಟ್ಟು ತೋರಿಸಬಹುದಲ್ವಾ ಅಂತ ಕೇಳಿದ್ದೀರಿ. ನೋಟಾ ಅನ್ನುವ ಪದ ನೋಡಿ ನನಗೆ ಎದೆ ಧಸಕ್ಕೆಂದಿತು. ಎಂಟು ವರ್ಷದ ಹಿಂದೆ ನಮ್ಮ ಮನೆಯ ದೀಪಾವಳಿ ಊಟದಲ್ಲಿ ಇದೇ ಮಾತನ್ನು ನಾನು ಆಡಿದ್ದೆ.

ನಾನು ಹಾಸನದವನು. 1999ರಲ್ಲಿ ಡೆಟ್ರಾಯಿಟ್ ಪಕ್ಕದ ಟ್ರಾಯ್‌ಗೆ ಬಂದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಡಿಸೈನ್ ಕೆಲಸ. 2009ರಲ್ಲಿ ಇಲ್ಲಿನ ಕಾರು ಉದ್ಯಮವೇ ನೆಲಕಚ್ಚಿತು. ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದ ವರ್ಷ ಅದು. ನನ್ನ ಕೆಲಸವೂ ಹೋಯಿತು. ಕೆಲಸದ ಜೊತೆ ಇನ್ಶೂರೆನ್ಸ್ ಕೂಡ ಹೋಯಿತು. ಮಗಳಿಗೆ ಆಗ ಮೂರು ವರ್ಷ. ಅವಳಿಗೆ ಜ್ವರ ಬಂದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಬ್ಯಾಂಕ್ ಬ್ಯಾಲೆನ್ಸ್ ನೋಡಿ, ಆಮೇಲೆ ಡಾಕ್ಟರ ಹತ್ತಿರ ಹೋಗಬೇಕಾ ಬೇಡವಾ ಅಂತ ನಾನೂ ನನ್ನ ಹೆಂಡತಿಯೂ ಮಾತಾಡಿಕೊಳ್ಳುತ್ತಿದ್ದೆವು. ಏಳು ತಿಂಗಳು ಹೀಗೇ ಕಳೆದೆವು.

ಅದಕ್ಕೇ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಹಿಲರಿ ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಎಲ್ಲರಿಗೂ ಸರ್ಕಾರದ್ದೇ ಆರೋಗ್ಯ ವಿಮೆ ಅಂದಾಗ ನಾನು ಪೂರ್ತಿ ಅವರ ಕಡೆ ವಾಲಿದೆ. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದವನ್ನು ಮೊದಲಿನಿಂದ ವಿರೋಧಿಸಿದ ಮನುಷ್ಯ ಬೇರೆ. ಮಿಷಿಗನ್‌ನಲ್ಲಿ ಕಾರ್ಖಾನೆ ಮುಚ್ಚಿದ್ದನ್ನು ಕಣ್ಣಾರೆ ಕಂಡವರಿಗೆ ಅದು ಸಣ್ಣ ವಿಷಯ ಅಲ್ಲ. 2016ರ ಮಾರ್ಚ್ 8ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಅವರಿಗೇ ಹಾಕಿದೆ. ಸಮೀಕ್ಷೆಗಳೆಲ್ಲ ಹಿಲರಿ ಕ್ಲಿಂಟನ್ ಸುಮಾರು 20 ಪಾಯಿಂಟ್ ಮುಂದಿದ್ದಾರೆ ಅಂದಿದ್ದವು. ಸ್ಯಾಂಡರ್ಸ್ ಒಂದೂವರೆ ಪಾಯಿಂಟಿನಿಂದ ಗೆದ್ದರು! ಆ ರಾತ್ರಿ ನನಗೆ ಈ ದೇಶ ನನ್ನದೂ ಹೌದು ಅಂತ ಮೊದಲ ಸಲ ಅನ್ನಿಸಿತು.

ಜುಲೈ ಹೊತ್ತಿಗೆ ಅವರು ಸೋತಾಗಿತ್ತು. ಅಭ್ಯರ್ಥಿಯನ್ನು ಘೋಷಿಸುವ ಫಿಲಡೆಲ್ಫಿಯಾ ಸಮಾವೇಶಕ್ಕೆ ಮುಂಚೆ, ಗುಟ್ಟಿನ ದಾಖಲೆ ಬಯಲು ಮಾಡುವ ವಿಕಿಲೀಕ್ಸ್ ಡೆಮಾಕ್ರಟಿಕ್ ಪಕ್ಷದ ಇಮೇಲ್‌ಗಳನ್ನು ಹೊರಗೆ ಹಾಕಿತು. ಪಕ್ಷದ ಕಚೇರಿಯಲ್ಲಿ ಕೂತವರು ಸ್ಯಾಂಡರ್ಸ್ ಬಗ್ಗೆ ಎಂಥ ಮಾತಾಡಿದ್ದರು ಅನ್ನುವುದು ಅದರಲ್ಲಿತ್ತು. ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಸ್ಯಾಂಡರ್ಸ್ ತಾವೇ ವೇದಿಕೆ ಹತ್ತಿ ಕ್ಲಿಂಟನ್‌ಗೆ ವೋಟು ಹಾಕಿ ಅಂದರು. ನಾನು ಅವರ ಮಾತನ್ನೂ ಕೇಳಲಿಲ್ಲ.

ಟ್ರಂಪ್‌ಗೆ ಹಾಕುವ ಯೋಚನೆ ಒಂದು ದಿನವೂ ಬರಲಿಲ್ಲ. ಆದರೆ ಹಾಕುವವರು ನನ್ನ ಪಕ್ಕದಲ್ಲೇ ಇದ್ದರು. ನಮ್ಮ ಶಾಪ್‌ನ ಟೂಲ್ ಅಂಡ್ ಡೈ (ಅಚ್ಚು, ಉಪಕರಣ ಮಾಡುವ) ಕೆಲಸಗಾರರೊಬ್ಬರು, ಮಕೂಂಬ್ ಕೌಂಟಿಯವರು. ಒಬಾಮಾಗೆ ಎರಡು ಸಲ ಹಾಕಿದ್ದವರು. ಅಣ್ಣನ ಕಾರ್ಖಾನೆ ಮೆಕ್ಸಿಕೋಗೆ ಹೋದದ್ದನ್ನು ಹೇಳುತ್ತಾ ಅವರ ಕಣ್ಣು ತುಂಬಿತ್ತು. ಅವರನ್ನು ನಾನು ದಡ್ಡ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಅವರಿಗೆ ಏನು ಬೇಕು ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅದನ್ನು ಬ್ಯಾಲೆಟ್ ಮೇಲೆ ಬರೆದರು. ನಾನು ಬರೆಯಲಿಲ್ಲ.

ಅಕ್ಟೋಬರ್ 30ಕ್ಕೆ ದೀಪಾವಳಿ. ನಾಲ್ಕು ಮನೆಯವರು ಊಟಕ್ಕೆ ಬಂದಿದ್ದರು. ಒಬ್ಬಟ್ಟು ಬಡಿಸುತ್ತಾ ನಾನು ಶುರುಮಾಡಿದೆ. "ಮಿಷಿಗನ್ 1988ರಿಂದ ರಿಪಬ್ಲಿಕನ್‌ಗೆ ಹೋಗಿಲ್ಲ. ಹಿಲರಿ ಗೆದ್ದಾಯಿತು ಅಂತಲೇ ಇಟ್ಟುಕೊಳ್ಳಿ. ಹಾಗಿದ್ದಮೇಲೆ ನಾವು ಅಧ್ಯಕ್ಷರ ಜಾಗ ಖಾಲಿ ಬಿಟ್ಟರೆ ಅವರಿಗೆ ಒಂದು ಪಾಠ ಆಗುತ್ತೆ. ಇದೇ ನಮ್ಮ ನೋಟಾ." ನನ್ನ ಹೆಂಡತಿ ತುಪ್ಪದ ಮಿಳ್ಳಿ ಹಿಡಿದು ನಿಂತಿದ್ದಳು. "ನೀವು ಬೇಕಾದರೆ ಬಿಡಿ, ಅವರಿಗ್ಯಾಕೆ ಹೇಳಿಕೊಡ್ತೀರಿ?" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದವರಲ್ಲಿ ಮೂರು ಜನ ನನ್ನ ಮಾತು ಕೇಳಿ ಹಾಗೇ ಮಾಡಿದರು ಅಂತ ಆಮೇಲೆ ಗೊತ್ತಾಯಿತು.

ನವೆಂಬರ್ 8, ಮಂಗಳವಾರ. ಮಗಳನ್ನು ಕರೆದುಕೊಂಡು ಹೋದೆ, ಅವಳಿಗೆ ಹತ್ತು ವರ್ಷ. ಇಲ್ಲಿನ ಬ್ಯಾಲೆಟ್ ನೀವು ಇನ್ನೂ ನೋಡಿಲ್ಲದಿದ್ದರೆ ಹೇಳುತ್ತೇನೆ: ದಪ್ಪ ಕಾಗದದ ದೊಡ್ಡ ಹಾಳೆ, ಎರಡೂ ಕಡೆ ಹೆಸರುಗಳು, ಒಂದೊಂದು ಹೆಸರಿನ ಪಕ್ಕ ಮೊಟ್ಟೆಯಾಕಾರದ ಸಣ್ಣ ಗುಳಿ. ಕಪ್ಪು ಪೆನ್ನಿನಲ್ಲಿ ಅದನ್ನು ತುಂಬಬೇಕು. ಪೂರಾ ಪಕ್ಷಕ್ಕೆ ಒಂದೇ ಗುರುತು ಹಾಕುವ ಸಾಲು ಮೊದಲು. ಅದರ ಕೆಳಗೆ ಅಧ್ಯಕ್ಷರು. ಎರಡನ್ನೂ ಬಿಟ್ಟು ನಾನು ಕೆಳಗಿಳಿದೆ. ಕಾಂಗ್ರೆಸ್ ಸದಸ್ಯರು, ರಾಜ್ಯದ ಶಿಕ್ಷಣ ಮಂಡಳಿ, ಮಿಷಿಗನ್ ಯೂನಿವರ್ಸಿಟಿಯ ಆಡಳಿತ ಮಂಡಳಿಯ ರೀಜೆಂಟ್‌ಗಳು, ನ್ಯಾಯಾಧೀಶರು, ಎಲ್ಲಕ್ಕೂ ಗುರುತು ಹಾಕಿದೆ. ಒಂದನ್ನೂ ಸುಮ್ನೆ ಹಾಕಲಿಲ್ಲ, ಹಿಂದಿನ ವಾರ ಕೂತು ಓದಿಕೊಂಡು ಹೋಗಿದ್ದೆ.

ಮಗಳು ನನ್ನ ಮೊಣಕೈ ಹತ್ತಿರ ನಿಂತು ನೋಡುತ್ತಿದ್ದಳು. ಶಾಲೆಯ ಟೆಸ್ಟಿನಲ್ಲಿ ಅವಳಿಗೂ ಇಂಥದ್ದೇ ಗುಳಿಗಳು. ಬೆರಳು ಇಟ್ಟು ಮೆಲ್ಲಗೆ ಹೇಳಿದಳು, "ಅಪ್ಪಾ, ಇದೊಂದು ಬಿಟ್ಟಿದೀಯ."

"ಬೇಕಂತಲೇ ಬಿಟ್ಟಿದ್ದು ಪುಟ್ಟಿ."

"ಗೊತ್ತಿಲ್ಲದಿದ್ರೂ ಒಂದು ತುಂಬಿಸಿ ಅಂತಾರೆ ನಮ್ ಟೀಚರ್."

ನಾನು ಹಾಳೆಯನ್ನು ಕವರಿನೊಳಗೆ ಸೇರಿಸಿ ಮೆಷಿನ್ ಬಾಯಿಗೆ ಕೊಟ್ಟೆ. ಅದು ತಕರಾರಿಲ್ಲದೆ ಒಳಗೆ ಎಳೆದುಕೊಂಡಿತು. ಸ್ಟಿಕ್ಕರ್ ಕೊಟ್ಟರು. ಮಗಳು ಅದನ್ನು ತನ್ನ ಸ್ಕೂಲ್ ಬ್ಯಾಗಿಗೆ ಅಂಟಿಸಿಕೊಂಡಳು.

ರಾತ್ರಿ ಎರಡೂವರೆಗೆ ಟ್ರಂಪ್ ಗೆದ್ದರು ಅಂತ ಟಿವಿಯಲ್ಲಿ ಬಂತು. ಆಗಲೂ ಮಿಷಿಗನ್ ಇನ್ನೂ ತೀರ್ಮಾನ ಆಗಿರಲಿಲ್ಲ. ನವೆಂಬರ್ 28ಕ್ಕೆ ಅಧಿಕೃತ ಲೆಕ್ಕ ಬಂತು. ಇಡೀ ರಾಜ್ಯದಲ್ಲಿ ಟ್ರಂಪ್ ಮುಂದಿದ್ದದ್ದು 10,704 ವೋಟು. ಒಂದೊಂದು ಮತಗಟ್ಟೆಗೆ ಹಂಚಿದರೆ ಎರಡೋ ಮೂರೋ ವೋಟು. ಅಷ್ಟಕ್ಕೆ, ಅಧ್ಯಕ್ಷರನ್ನು ತೀರ್ಮಾನಿಸುವ ರಾಜ್ಯದ 16 ಎಲೆಕ್ಟೋರಲ್ ವೋಟು ಪೂರ್ತಿ ಅವರ ಕಡೆ ಹೋದವು. ಬ್ಯಾಲೆಟ್ ಹಾಕಿಯೂ ಅಧ್ಯಕ್ಷರಿಗೆ ವೋಟು ಹಾಕದವರು ಎಷ್ಟು ಜನ ಗೊತ್ತಾ? ಸುಮಾರು 75 ಸಾವಿರ. ಅಂತರದ ಏಳು ಪಟ್ಟು.

ಈಗ ನನ್ನ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವು ಅದೇ ಜಾಗದಲ್ಲಿ ನಿಂತಿದ್ದೀರಿ. ನನ್ನದು ಒಂದೇ ವೋಟು, ಅದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ಅದು ನನಗೆ ಗೊತ್ತು. ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಕೂಡ ಹೋಗಿದ್ದವು, ಹಾಗಾಗಿ ಮಿಷಿಗನ್ ಒಂದೇ ತಿರುಗಿದ್ದರೂ ಸಾಲುತ್ತಿರಲಿಲ್ಲ. ನಾನು ಹೇಳುತ್ತಿರುವುದು ಅದಲ್ಲ. ಖಾಲಿ ಜಾಗ ಒಂದು ಮಾತು ಅಂತ ನಾನು ನಂಬಿದ್ದೆ. ಅದು ಮಾತೇ ಅಲ್ಲ. ಇಂಡಿಯಾದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ ನೋಟಾಗೆ ಒಂದು ಗುಂಡಿ ಇದೆ, ಅದಕ್ಕೆ ಬಿದ್ದ ವೋಟನ್ನು ಎಣಿಸುತ್ತಾರೆ, ಫಲಿತಾಂಶದಲ್ಲಿ ಅದಕ್ಕೊಂದು ಸಾಲು ಇರುತ್ತದೆ. ಅಮೆರಿಕದಲ್ಲಿ ನೆವಾಡಾ ರಾಜ್ಯದ ಬ್ಯಾಲೆಟ್‌ನಲ್ಲಿ ಮಾತ್ರ "ಇವರಲ್ಲಿ ಯಾರೂ ಅಲ್ಲ" ಅಂತ ಒಂದು ಆಯ್ಕೆ ಇದೆ. ಮಿಷಿಗನ್‌ನಲ್ಲಿ ಇಲ್ಲ. ಇಲ್ಲಿ ಖಾಲಿ ಬಿಟ್ಟವರಲ್ಲಿ ಸಿಟ್ಟಿನಿಂದ ಬಿಟ್ಟವನು, ಮರೆತವನು, ಪೆನ್ನು ಸರಿಯಾಗಿ ಒತ್ತದವನು ಎಲ್ಲರೂ ಒಂದೇ. ಸ್ಯಾಂಡರ್ಸ್‌ಗೆ ಅನ್ಯಾಯವಾಯಿತು ಅಂತ ನಾನು ಬಿಟ್ಟ ಆ ಗುಳಿಯಲ್ಲಿ ಯಾರಿಗೆ ಏನು ಕಾಣಬೇಕು? ಸೋತ ಪಕ್ಷದವರು 75 ಸಾವಿರ ಜನರ ಮನಸ್ಸಿನಲ್ಲಿ ಏನಿತ್ತು ಅಂತ ಒಬ್ಬೊಬ್ಬರು ಒಂದೊಂದು ಕತೆ ಹೇಳಿಕೊಂಡರು. ಒಂದೂ ನನ್ನದಾಗಿರಲಿಲ್ಲ.

ಸಿಟ್ಟು ಹೇಳುವ ಜಾಗ ಪ್ರೈಮರಿ. ಈ ವರ್ಷ ಫೆಬ್ರವರಿ 27ರಂದು ಇಲ್ಲೇ ಆಯಿತಲ್ಲ. ಗಾಜಾ ವಿಷಯಕ್ಕೆ ಬೈಡನ್ ಮೇಲೆ ಬೇಸರವಾದವರು ಡೆಮಾಕ್ರಟಿಕ್ ಬ್ಯಾಲೆಟ್‌ನಲ್ಲಿ "ಅನ್‌ಕಮಿಟೆಡ್" (ಯಾರ ಪರವೂ ಇಲ್ಲ) ಅನ್ನುವ ಗುಳಿ ತುಂಬಿದರು. ಲಕ್ಷಕ್ಕೂ ಜಾಸ್ತಿ ಜನ. ಅದು ಮುದ್ರಣವಾಗಿದ್ದ ಆಯ್ಕೆ, ಎಣಿಕೆಯಾಯಿತು, ಸಮಾವೇಶಕ್ಕೆ ಪ್ರತಿನಿಧಿಗಳೂ ಹೋದರು. ನಾನು ಆ ಜನರನ್ನು ತುಂಬಾ ಗೌರವಿಸುತ್ತೇನೆ.

ಬೆಲೆ ಏನು ತೆತ್ತೆ ಅಂತ ಕೇಳಬಹುದು. 2016ರಲ್ಲಿ ಸುಪ್ರೀಂ ಕೋರ್ಟಿನ ಒಂದು ಸ್ಥಾನ ಖಾಲಿ ಇತ್ತು, ನ್ಯಾಯಮೂರ್ತಿ ಸ್ಕಾಲಿಯಾ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. ಇಷ್ಟು ದೊಡ್ಡ ವಿಷಯ ಕಣ್ಣೆದುರಿಗಿದ್ದರೂ ನಾನು ಇಮೇಲ್‌ಗಳ ಬಗ್ಗೆ ವಾದ ಮಾಡಿಕೊಂಡು ಕೂತಿದ್ದೆ. ಟ್ರಂಪ್ ನಾಲ್ಕು ವರ್ಷದಲ್ಲಿ ಮೂರು ನ್ಯಾಯಮೂರ್ತಿಗಳನ್ನು ನೇಮಿಸಿದರು. 2022ರ ಜೂನ್ 24ಕ್ಕೆ ಗರ್ಭಪಾತದ ಹಕ್ಕನ್ನು ಕೋರ್ಟ್ ತೆಗೆದುಹಾಕಿತು. ಮಿಷಿಗನ್‌ನ 1931ರ ಹಳೇ ನಿಷೇಧ ಕಾನೂನು ಮತ್ತೆ ಜಾರಿಗೆ ಬರುತ್ತಾ ಅಂತ ಆ ಬೇಸಿಗೆಯಿಡೀ ಭಯ. ನವೆಂಬರಿನಲ್ಲಿ ಜನ ವೋಟು ಹಾಕಿ ರಾಜ್ಯದ ಸಂವಿಧಾನದಲ್ಲೇ ಆ ಹಕ್ಕನ್ನು ಬರೆಸಿದರು, ಅದು ಬೇರೆ ಮಾತು. ಆದರೆ ಜೂನ್‌ನ ಆ ಸಂಜೆ ಹದಿನಾರು ವರ್ಷದ ಮಗಳು ಅಡುಗೆಮನೆಗೆ ಬಂದಳು. ನಾನು ಬೀನ್ಸ್ ಹೆಚ್ಚುತ್ತಿದ್ದೆ. "ಅಪ್ಪಾ, ಅವತ್ತು ನೀನು ಬಿಟ್ಟಿದ್ದು ಇದೇ ಎಲೆಕ್ಷನ್ನಾ?" ಅಂತ ಕೇಳಿದಳು. ನಾನು ತಲೆ ಎತ್ತಲಿಲ್ಲ. ಉತ್ತರ ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ಈ ವರ್ಷದ ಅಭ್ಯರ್ಥಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಟ್ರಂಪ್ ವ್ಯಾಪಾರದ ವಿಷಯದಲ್ಲಿ ಹೇಳಿದ್ದನ್ನು ಮಾಡಿದರು. ನಾಫ್ಟಾ ತೆಗೆದು ಹೊಸ ಒಪ್ಪಂದ ತಂದರು, ಅದು 2020ರ ಜುಲೈನಲ್ಲಿ ಜಾರಿಗೆ ಬಂತು. ಆದರೆ 2020ರಲ್ಲಿ ಸೋತಮೇಲೆ ಜಾರ್ಜಿಯಾದ ಅಧಿಕಾರಿಗೆ ಫೋನ್ ಮಾಡಿ 11,780 ವೋಟು ಹುಡುಕಿಕೊಡಿ ಅಂದ ಮನುಷ್ಯ ಅವರು. ಸೋತದ್ದಕ್ಕಿಂತ ಸರಿಯಾಗಿ ಒಂದು ವೋಟು ಜಾಸ್ತಿ. ಆ ಸಂಖ್ಯೆ ಕೇಳಿದಾಗ ನನಗೆ ನಮ್ಮ 10,704 ನೆನಪಾಯಿತು. ಒಂದೊಂದು ವೋಟಿನ ಬೆಲೆ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. 2021ರ ಜನವರಿ 6ಕ್ಕೆ ಅವರ ಬೆಂಬಲಿಗರು ಸಂಸತ್ತಿಗೆ ನುಗ್ಗಿದಮೇಲೆ ಅವರಿಗೆ ಮತ್ತೆ ಆ ಕುರ್ಚಿ ಕೊಡಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ಹ್ಯಾರಿಸ್ ವಿಷಯಕ್ಕೆ ಬಂದರೆ, ಅವರ ತಾಯಿ ಚೆನ್ನೈಯವರು, ಹಾಗಾಗಿ "ನಮ್ಮೋರು" ಅಂತ ಹಾಕಿ ಅನ್ನುವವರು ನಿಮಗೂ ಸಿಕ್ಕಿರಬೇಕು. ಆ ಕಾರಣಕ್ಕೆ ಹಾಕಬೇಡಿ. ಬೈಡನ್‌ಗಿಂತ ತಾವು ಬೇರೆ ಏನು ಮಾಡುತ್ತೇವೆ ಅಂತ ಅವರು ಬಿಡಿಸಿ ಹೇಳಿಲ್ಲ, ನಿಮ್ಮ ಅಪನಂಬಿಕೆ ನನಗೆ ಅರ್ಥವಾಗುತ್ತದೆ. ಆದರೆ ಸೋತರೆ ಸೋತೆ ಅಂತ ಒಪ್ಪಿಕೊಳ್ಳುತ್ತಾರೆ. ಸೆನೆಟ್‌ನಲ್ಲಿ ಟ್ರಂಪ್ ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದ ಕ್ಯಾವನಾ ಅವರಿಗೆ ಕೇಳಿದ ಪ್ರಶ್ನೆಗಳನ್ನು ನೋಡಿದರೆ, ವಿಷಯ ಓದಿಕೊಂಡು ಬರುವವರು ಅಂತಲೂ ಗೊತ್ತಾಗುತ್ತದೆ. ನಾನು ಅವರಿಗೇ ಹಾಕುತ್ತೇನೆ.

ಇಬ್ಬರೂ ಇಷ್ಟವಿಲ್ಲ ಅಂದಿರಲ್ಲ, ಇಷ್ಟ ಅನ್ನುವುದನ್ನೇ ಪಕ್ಕಕ್ಕಿಡಿ. ನೀವು ಮನೆಗೆ ಅಳಿಯನನ್ನೋ ಸೊಸೆಯನ್ನೋ ನೋಡುತ್ತಿಲ್ಲ. ನಾಲ್ಕು ವರ್ಷ ಕೋರ್ಟಿಗೆ ಯಾರು ಹೋಗಬೇಕು, ಆರೋಗ್ಯ ವಿಮೆಯ ಕಾನೂನು ಉಳಿಯಬೇಕಾ, ವೀಸಾ ಕಚೇರಿಯಲ್ಲಿ ಯಾರು ಕೂರಬೇಕು, ಇದನ್ನು ನೋಡಿ. ಎಲ್ಲ ನೋಡಿಯೂ ನಿಮಗೆ ಟ್ರಂಪೇ ಸರಿ ಅನ್ನಿಸಿದರೆ ಅವರಿಗೇ ಹಾಕಿ, ನನ್ನ ಮಕೂಂಬ್ ಸ್ನೇಹಿತರು ಹಾಕುವ ಹಾಗೆ. ನನಗೆ ಬೇಜಾರಾಗುತ್ತದೆ, ಆದರೆ ಅದು ನಿಮ್ಮ ಮಾತು. ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ಹಾಕಿದರೂ ಕೊನೇ ಪಕ್ಷ ಎಣಿಸುತ್ತಾರೆ, ನಾನು ಮಾತ್ರ ಹಾಕಲ್ಲ. ಪಕ್ಷೇತರರಾಗಿ ನಿಂತಿದ್ದ ರಾಬರ್ಟ್ ಕೆನಡಿ ಜೂನಿಯರ್ ಹೆಸರು ಕಂಡರೆ ಮೋಸ ಹೋಗಬೇಡಿ. ಆಗಸ್ಟಿನಲ್ಲೇ ಕಣದಿಂದ ಸರಿದು ಟ್ರಂಪ್‌ಗೆ ಬೆಂಬಲ ಕೊಟ್ಟಿದ್ದಾರೆ. ಹೆಸರು ತೆಗೆಸಲು ಕೋರ್ಟಿಗೆ ಹೋದರೂ ಮಿಷಿಗನ್ ಬ್ಯಾಲೆಟ್‌ನಲ್ಲಿ ಅದು ಹಾಗೇ ಉಳಿದಿದೆ.

ಇಲ್ಲಿ ಅಕ್ಟೋಬರ್ 26ರ ಶನಿವಾರದಿಂದ ಮುಂಚಿತವಾಗಿ ವೋಟು ಹಾಕಬಹುದು. ಮಗಳಿಗೆ ಈಗ ಹದಿನೆಂಟು, ಆನ್ ಆರ್ಬರ್‌ನಲ್ಲಿ ಓದುತ್ತಿದ್ದಾಳೆ, ಹೆಸರು ನಮ್ಮ ಮನೆ ವಿಳಾಸದಲ್ಲೇ ಇದೆ. ಶುಕ್ರವಾರ ರಾತ್ರಿ ಬರುತ್ತೇನೆ, ಬೆಳಿಗ್ಗೆ ಒಟ್ಟಿಗೆ ಹೋಗೋಣ ಅಂದಿದ್ದಾಳೆ. ಈ ಸಲ ಅವಳ ಕೈಯಲ್ಲೂ ಅವಳದೇ ಹಾಳೆ ಇರುತ್ತದೆ, ನನ್ನ ಮೊಣಕೈ ಹತ್ತಿರ ನಿಂತು ನೋಡುವುದಕ್ಕೆ ಆಗುವುದಿಲ್ಲ. ಹೊರಗೆ ಬಂದಮೇಲೆ ಕೇಳುತ್ತಾಳೆ. ಈ ಸಲ ಹೇಳುತ್ತೇನೆ. 2016ರದ್ದನ್ನೂ ಹೇಳುತ್ತೇನೆ.