ಗಾಡಿ ಮಾತು: ಹಳೆ ಜೋಂಗಾಕ್ಕೆ ಡೀಸೆಲ್ ಎಂಜಿನ್?

ಪ್ರಶ್ನೆ: ಮಿಲಿಟರಿ ಹರಾಜಿನಲ್ಲಿ ಸೇನೆಯ ಹಳೆ ಜೀಪ್‌ನಂಥ ಗಾಡಿ ಜೋಂಗಾದ ಪಿಕಪ್ ಕೊಂಡಿದ್ದೇನೆ. ಪೆಟ್ರೋಲ್ ವಿಪರೀತ ಕುಡಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಡೀಸೆಲ್ ಎಂಜಿನ್ ಕೂರಿಸಲೇ?
– ಓದುಗರೊಬ್ಬರು, ಖಾನಾಪುರ

ಉತ್ತರ: ತಡೀರಿ, ಮೊದಲು ಬ್ರೇಕ್! ಗಾಡಿ ವರ್ಷಗಟ್ಟಲೆ ನಿಂತರೆ ವೀಲ್ ಸಿಲಿಂಡರ್‌ನೊಳಗಿನ (ಚಕ್ರದಲ್ಲಿ ಬ್ರೇಕ್ ಒತ್ತುವ ಭಾಗ) ರಬ್ಬರ್ ಕಪ್ ಗಟ್ಟಿಯಾಗಿ ಬ್ರೇಕ್ ಆಯಿಲ್ ಸೋರುತ್ತದೆ. ಕಪ್, ಹೋಸ್ ಎಲ್ಲಾ ಹೊಸದು ಹಾಕಿಸಿ. ಡ್ರಮ್‌ಗೆ ಗೆರೆ ಬಿದ್ದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇಥ್‌ಗೆ ಕೊಡಿ. ಬೆಳಗಾವಿಯಲ್ಲಿ ಲೇಥ್‌ಗೇನು ಬರ? ಇನ್ನು ಪೆಟ್ರೋಲ್ ವಿಷಯ: ಜೋಂಗಾದ 3,956 ಸಿಸಿಯ ಆರು ಸಿಲಿಂಡರ್ ಎಂಜಿನ್ ಕುಡಿಯುವುದೇ ಜಾಸ್ತಿ. ಆದರೂ ಟ್ಯಾಂಕ್ ತೊಳೆಸಿ, ಕಾರ್ಬುರೇಟರ್ ಬಿಚ್ಚಿಸಿ ನೋಡಿ. ನನ್ನ ಕೇಳಿದರೆ ಆ ಎಂಜಿನ್ ತೆಗೆಯಬೇಡಿ. ಅದರ ಸದ್ದಿಗೇ ಅಲ್ವಾ ಜನ ಜೋಂಗಾ ಹುಡುಕುವುದು! ಬದಲಿಸಲೇಬೇಕಾದರೆ ಮೊದಲೇ ಆರ್‌ಟಿಒ ಅನುಮತಿ ಪಡೆಯಿರಿ. ಬಣ್ಣವನ್ನಂತೂ ಬದಲಿಸಲೇಬೇಕು, ಆಲಿವ್ ಹಸಿರು ಸೇನೆಯ ಗಾಡಿಗಳಿಗಷ್ಟೇ.