ಬರೆಯಲು ಏನೂ ಇಲ್ಲದ ತಿಂಗಳು

ಪ್ರಿಯ ಸಹೋದರಿ,

ನಿಮ್ಮ ಆರು ಪುಟದ ಪತ್ರ ತಲುಪಿತು. ಹೆಸರು, ಊರು, ದೇಶ ಯಾವುದನ್ನೂ ಹಾಕಬೇಡಿ ಎಂದು ಕೇಳಿದ್ದೀರಿ. ಹಾಕಿಲ್ಲ. ಆದರೆ ಹೊರದೇಶದಲ್ಲಿ ಮಿಷನರಿ ಸೇವೆಯಲ್ಲಿರುವ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಅದಕ್ಕೇ ನಿಮಗೊಬ್ಬರಿಗೇ ಬರೆಯದೆ, ಎಲ್ಲರೂ ಓದಲಿ ಎಂದು ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು, ನಿಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಆ ದೇಶಕ್ಕೆ ಹೋಗಿ ಮೂರು ವರ್ಷವಾಯಿತು. ಯಜಮಾನರು ವಾರದಲ್ಲಿ ಮೂರ್ನಾಲ್ಕು ದಿನ ಹಳ್ಳಿಗಳ ಮೇಲೆ ಇರುತ್ತಾರೆ. ನಿಮ್ಮ ದಿನ ಭಾಷೆಯ ಪಾಠ, ಅಡುಗೆ, ಬಟ್ಟೆ, ಮಕ್ಕಳ ಹೋಂವರ್ಕ್ ಎಂದು ಕಳೆದುಹೋಗುತ್ತದೆ. ಭಾನುವಾರದ ಪ್ರಸಂಗ ಇನ್ನೂ ಅರ್ಧವೇ ಅರ್ಥವಾಗುವುದು. ಅಲ್ಲಿನ ಸಭೆಯವರು ನಿಮ್ಮನ್ನು ಈಗಲೂ ಮುಂದಿನ ಸಾಲಿನಲ್ಲಿ ಅತಿಥಿಗಳ ಹಾಗೆ ಕೂರಿಸುತ್ತಾರೆ. ತಿಂಗಳ ಕೊನೆ ಬಂತೆಂದರೆ ನಿಮ್ಮನ್ನು ಕಳಿಸಿದ ಸಭೆಗೆ ಪ್ರಾರ್ಥನಾ ಪತ್ರ, ಅಂದರೆ ಸೇವೆಯ ಸುದ್ದಿ ತಿಳಿಸಿ ಪ್ರಾರ್ಥನೆ ಕೇಳುವ ಪತ್ರ, ಬರೆಯಬೇಕು. ಆಗ ನಿಮಗೆ ಕೈ ಓಡುವುದಿಲ್ಲ. "ಬರೆಯಲು ಏನೂ ಇಲ್ಲ. ಅವರು ಸೇವೆಗೆ ಹೋಗುತ್ತಾರೆ, ನಾನು ಮನೆಯಲ್ಲಿರುತ್ತೇನೆ. ಜನ ಕೊಟ್ಟ ಕಾಣಿಕೆಯಲ್ಲಿ ಬಟ್ಟೆ ಒಗೆದುಕೊಂಡು ಕೂತಿದ್ದೇನೆ ಅನ್ನಿಸುತ್ತದೆ. ಇದನ್ನೂ ಸೇವೆ ಅಂತ ಕರೆಯಬಹುದಾ?" ಎಂದು ಕೇಳಿದ್ದೀರಿ.

ಕರೆಯಬಹುದು. ಕರೆಯಲೇಬೇಕು. ಯಾಕೆ ಎಂದು ಹೇಳಲು ನಿಮ್ಮ ಪತ್ರದಿಂದಲೇ ಶುರು ಮಾಡುತ್ತೇನೆ.

ನಾಲ್ಕನೆಯ ಪುಟದ ಕೆಳಗೆ, ಕಾಗದದ ಅಂಚಿನಲ್ಲಿ, ಚಿಕ್ಕ ಅಕ್ಷರದಲ್ಲಿ ಒಂದು ವಿಷಯ ಬರೆದಿದ್ದೀರಿ. ಯಜಮಾನರು ಊರಲ್ಲಿಲ್ಲದ ಒಂದು ರಾತ್ರಿ ಮಗನಿಗೆ ಜ್ವರ ಏರಿತು. ಗಾಬರಿಯಲ್ಲಿ ಭಾಷೆಯೇ ಬಾಯಿಗೆ ಬರಲಿಲ್ಲ. ಎರಡು ಮನೆ ಆಚೆ ಇರುವ, ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ಅಕ್ಕನ ಬಾಗಿಲು ಬಡಿದಿರಿ. ಅವರು ಬಂದರು. ಬೆಳಗಿನವರೆಗೆ ಮಗುವಿನ ತಲೆ ಸವರುತ್ತಾ ಕೂತಿದ್ದರು, ಏನೋ ಹಾಡುತ್ತಿದ್ದರು. ಇಷ್ಟು ಬರೆದು, "ಇದೆಲ್ಲ ಸುಮ್ನೆ ಬರೆದೆ, ಕ್ಷಮಿಸಿ" ಎಂದು ಸೇರಿಸಿದ್ದೀರಿ.

ಆರು ಪುಟದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಅಂಚಿನ ಸಾಲುಗಳನ್ನು. ನಿಮ್ಮ ಮನೆಯ ಬಾಗಿಲಿಗೂ ಆ ಅಕ್ಕನ ಮನೆಯ ಬಾಗಿಲಿಗೂ ನಡುವೆ ಆ ರಾತ್ರಿ ಒಂದು ದಾರಿ ಬಿತ್ತು. ಮೂರು ವರ್ಷದ ಭಾನುವಾರಗಳಲ್ಲಿ ಆಗದೇ ಇದ್ದದ್ದು ಅದು. ಕ್ಷಮೆ ಕೇಳಬೇಕಾದ ವಿಷಯವೇ ಅಲ್ಲ.

ನಿಮಗೆ ಆ್ಯನ್ ಜಡ್ಸನ್ ಅವರ ಬಗ್ಗೆ ಹೇಳಬೇಕು. ಅಮೆರಿಕದಿಂದ ಬರ್ಮಾಕ್ಕೆ (ಈಗಿನ ಮ್ಯಾನ್ಮಾರ್) ಹೋದ ಮಿಷನರಿ ಅಡೊನಿರಾಮ್ ಜಡ್ಸನ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ್ಯನ್ ಅವರ ಹೆಂಡತಿ. 1812ರ ಫೆಬ್ರವರಿಯಲ್ಲಿ ಮದುವೆಯಾಗಿ, ಎರಡೇ ವಾರಕ್ಕೆ ಹಡಗು ಹತ್ತಿದಾಗ ಆಕೆಗೆ 22 ವರ್ಷ. 1813ರಲ್ಲಿ ಬರ್ಮಾದ ರಂಗೂನ್ ಸೇರಿದರು. ಗಂಡ ಬೆಳಗಿನಿಂದ ಸಂಜೆಯವರೆಗೆ ಪಂಡಿತರ ಜೊತೆ ಪುಸ್ತಕ ಹಿಡಿದು ಕೂತರು. ಮನೆ ನೋಡಿಕೊಳ್ಳುವ ಹೊಣೆ ಆ್ಯನ್ ಮೇಲೆ ಬಿತ್ತು. ಮನೆಕೆಲಸದವರ ಜೊತೆ, ನೆರೆಯವರ ಜೊತೆ ದಿನವಿಡೀ ಮಾತಾಡಲೇಬೇಕಿತ್ತು. ಆದದ್ದೇನು? ಮಾತಾಡುವ ಬರ್ಮೀಸ್ ಗಂಡನಿಗಿಂತ ಆಕೆಗೆ ಬೇಗ ಬಂತು. ವ್ಯಾಕರಣ ಅವರಿಗೆ ಜಾಸ್ತಿ ಗೊತ್ತು, ಮಾತು ನನಗೆ ಚೆನ್ನಾಗಿ ಬರುತ್ತದೆ ಎಂಬ ಅರ್ಥದಲ್ಲಿ ಆಕೆಯೇ ಬರೆದುಕೊಂಡಿದ್ದಾರೆ. ಆ ಮಾತು ಕಲಿಸಿದ್ದು ಮನೆಗೆಲಸ. ಮುಂದೆ 1824ರಲ್ಲಿ ಬ್ರಿಟಿಷರಿಗೂ ಬರ್ಮಾಕ್ಕೂ ಯುದ್ಧ ಶುರುವಾಗಿ ಗಂಡ ಜೈಲು ಸೇರಿದಾಗ, ಒಬ್ಬೊಬ್ಬ ಅಧಿಕಾರಿಯ ಮುಂದೆಯೂ ನಿಂತು ಬೇಡಿಕೊಳ್ಳಲು ಆಕೆಗೆ ನೆರವಾದದ್ದು ಅದೇ ಮಾತು. ಆ ದಿನಗಳ ನಡುವೆಯೇ ಆಕೆಗೆ ಹೆರಿಗೆಯೂ ಆಯಿತು.

ಇನ್ನೊಂದನ್ನೂ ನೆನಪಿಡಿ. ರಂಗೂನ್ ಸೇರಿದ ಮೇಲೆ ಅವರು ಮೊದಲ ದೀಕ್ಷಾಸ್ನಾನ ಕಂಡದ್ದು 1819ರಲ್ಲಿ. ಆರು ವರ್ಷ. ಅದರ ನಡುವೆ 1816ರಲ್ಲಿ ಎಂಟು ತಿಂಗಳ ಮಗು ರೋಜರ್ ತೀರಿಕೊಂಡಿತು. ಬರೆಯಲು ಏನೂ ಇಲ್ಲದ ತಿಂಗಳುಗಳು ಅವರಿಗೆ ಎಷ್ಟಿದ್ದವೋ ಲೆಕ್ಕ ಹಾಕಿ. ನಿಮಗೆ ಇನ್ನೂ ಮೂರು ವರ್ಷವಷ್ಟೇ ಆಗಿದೆ.

ಈಗ ಕಷ್ಟದ ಮಾತು. ಇದನ್ನು ನಿಮ್ಮ ಯಜಮಾನರೂ ಓದಲಿ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಅವರನ್ನು ನಾವು ಸಂಡೇ ಸ್ಕೂಲ್‌ನಿಂದಲೇ ಹೊಗಳುತ್ತಾ ಬಂದಿದ್ದೇವೆ. 1793ರಲ್ಲಿ ಬಂಗಾಳಕ್ಕೆ ಬಂದರು, 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. ಎಲ್ಲ ನಿಜ. ಅವರ ಹೆಂಡತಿ ಡೊರೊಥಿಯ ಕತೆಯನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದಿಲ್ಲ. ಆಕೆಗೆ ಬರಲು ಮನಸ್ಸಿರಲಿಲ್ಲ. ಕೈಯಲ್ಲಿ ಹಸುಗೂಸು ಇತ್ತು. ತಂಗಿ ಜೊತೆಗೆ ಬರಲು ಒಪ್ಪಿದ ಮೇಲೆ, ಕೊನೇ ಗಳಿಗೆಯಲ್ಲಿ ಹೊರಟರು. ಬಂದ ಮೇಲೆ ಬಡತನ, ಮನೆಯಿಂದ ಮನೆಗೆ ಅಲೆದಾಟ, ಕಾಯಿಲೆ. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಅಲ್ಲಿಂದ ಆಕೆಯ ಮನಸ್ಸು ಕುಸಿಯಿತು, ಮತ್ತೆ ನೆಟ್ಟಗಾಗಲೇ ಇಲ್ಲ. 1807ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಸಾಯುವವರೆಗೆ ಆಕೆ ಹಾಗೇ ಇದ್ದರು. ಉಳಿದ ನಾಲ್ಕು ಗಂಡುಮಕ್ಕಳನ್ನು ತಿದ್ದಿ ಬೆಳೆಸುವುದರಲ್ಲಿ ಕೇರಿ ಅವರ ಜೊತೆ ಸೇವೆಯಲ್ಲಿದ್ದ ಜೋಶುವಾ ಮಾರ್ಷ್‌ಮನ್ ಅವರ ಹೆಂಡತಿ ಹ್ಯಾನಾ ಮಾರ್ಷ್‌ಮನ್ ಅವರ ಪಾಲು ದೊಡ್ಡದು. ಸೆರಾಂಪುರದಲ್ಲಿ ಮಿಷನರಿ ಕುಟುಂಬಗಳು ಒಟ್ಟಿಗೆ ಇದ್ದ ದೊಡ್ಡ ಮನೆಯನ್ನು, ಶಾಲೆಯನ್ನು ನಡೆಸಿದವರಲ್ಲಿ ಆಕೆ ಮುಖ್ಯರು. ಆಕೆ ಇರದಿದ್ದರೆ ಕೇರಿ ಅವರ ಮಕ್ಕಳ ಗತಿ ಏನಾಗುತ್ತಿತ್ತೋ.

ಕೇರಿ ಅವರನ್ನು ಚಿಕ್ಕವರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಅವರ ಮೇಲೆ ನನಗೆ ಗೌರವ ಇದೆ. ಆದರೆ ಮನೆಯನ್ನು ಸೇವೆಯ ಹಿಂದಿನ ಕೋಣೆ ಎಂದು ಎಣಿಸಿದಾಗ ಆ ಕೋಣೆಯಲ್ಲಿ ಏನಾಗುತ್ತಿದೆ ಎಂದು ಯಾರೂ ನೋಡುವುದಿಲ್ಲ. ಕಳಿಸಿದ ಸಭೆಯೂ ನೋಡುವುದಿಲ್ಲ. ನಿಮ್ಮ ಪತ್ರ ಬಂದದ್ದು ಅಂಥ ಕೋಣೆಯಿಂದ. ಈಗಲೇ ಬಂತಲ್ಲ ಎಂದು ದೇವರಿಗೆ ಸ್ತೋತ್ರ ಹೇಳುತ್ತೇನೆ. ರಾತ್ರಿ ನಿದ್ದೆ ಬರುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ ಎಂದೂ ಬರೆದಿದ್ದೀರಿ. ಅದನ್ನು ಡಾಕ್ಟರ್ ಹತ್ತಿರ ಹೇಳಿ. ಪ್ರಾರ್ಥನೆ ಮಾಡಿ, ಡಾಕ್ಟರನ್ನೂ ಕಾಣಿ. ನಿಮ್ಮ ಯಜಮಾನರು ಎರಡು ತಿಂಗಳು ಹಳ್ಳಿಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಲಿ. ಹಳ್ಳಿಗಳು ಅಲ್ಲೇ ಇರುತ್ತವೆ.

ಇದರಲ್ಲಿ ನಮ್ಮ ತಪ್ಪೂ ಇದೆ. ಬಹಳ ವರ್ಷ ಈ ಪತ್ರಿಕೆಯಲ್ಲಿ ಮಿಷನರಿಗಳ ಪತ್ರಗಳನ್ನು ಅಚ್ಚಿಗೆ ಸಿದ್ಧ ಮಾಡಿದವನು ನಾನು. ಜಾಗ ಸಾಲದಿದ್ದಾಗ ನಾನು ಮೊದಲು ತೆಗೆದದ್ದು ಮನೆಯ ಸಾಲುಗಳನ್ನೇ. ಮಗುವಿನ ಜ್ವರ, ಮಗಳ ಶಾಲೆ, ವೀಸಾಕ್ಕಾಗಿ ಮೂರು ದಿನ ಸಾಲಿನಲ್ಲಿ ನಿಂತದ್ದು, ಇವೆಲ್ಲ ಹೋಗುತ್ತಿದ್ದವು. ಎಷ್ಟು ಕೂಟ ನಡೆಯಿತು, ಎಷ್ಟು ಜನ ಬಂದರು ಎಂಬುದು ಉಳಿಯುತ್ತಿತ್ತು. ಒಂದು ಕುಟುಂಬ ಮಗನ ಬಗ್ಗೆ ಸತತ ಮೂರು ಪತ್ರದಲ್ಲಿ ಬರೆದಿತ್ತು. ಹುಡುಗ ಮಾತಾಡುವುದನ್ನೇ ಕಡಿಮೆ ಮಾಡಿದ್ದಾನೆ ಎಂದು. ಮೂರರಲ್ಲೂ ಆ ಸಾಲನ್ನು ನಾನೇ ತೆಗೆದೆ. ಆಮೇಲೆ ಅವರು ಅವಧಿಗೆ ಮೊದಲೇ ವಾಪಸ್ ಬಂದರು. ಯಾಕೆ ಬಂದಿರಿ ಎಂದು ಸಭೆಗಳಲ್ಲಿ ಜನ ಅವರನ್ನು ಕೇಳುತ್ತಿದ್ದರು. ಕಾರಣ ಅವರಾಗಲೇ ಬರೆದು ಕಳಿಸಿದ್ದರು. ಓದುಗರಿಗೆ ತಲುಪದಂತೆ ಮಾಡಿದವನು ನಾನು. ಅವರ ಹತ್ತಿರ ಕ್ಷಮೆ ಕೇಳಿದ್ದೇನೆ. ಇಲ್ಲೂ ಕೇಳುತ್ತಿದ್ದೇನೆ. ಬರೆಯಲು ಏನೂ ಇಲ್ಲ ಎಂದು ನಿಮಗೆ ಕಲಿಸಿದ್ದು ನಮ್ಮಂಥ ಪತ್ರಿಕೆಗಳೇ, ಅಲ್ವಾ?

ಇನ್ನು ಅಲ್ಲಿನ ಸಭೆಯ ವಿಷಯ. ಅತಿಥಿಗಳ ಹಾಗೆ ಕೂರಿಸುತ್ತಾರೆ, ಕೆಲಸ ಮಾಡಲು ಬಿಡುವುದಿಲ್ಲ, ನಮ್ಮವರು ಎಂದು ಎಣಿಸುವುದಿಲ್ಲ ಎಂಬ ಬೇಸರ ನಿಮಗಿದೆ. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಲೋಕದ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ತಿರುನೆಲ್ವೇಲಿ ಕಡೆಯ ವಿ. ಎಸ್. ಅಜರಯ್ಯ ಅಲ್ಲಿ ಮಾತಾಡಿದರು. ಎರಡು ವರ್ಷದ ನಂತರ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. ಮಿಷನರಿಗಳಿಗೂ ಅವರ ಜೊತೆ ದುಡಿಯುವ ಭಾರತೀಯರಿಗೂ ನಡುವೆ ಇದ್ದ ದೂರದ ಬಗ್ಗೆ ಅವರು ನೇರವಾಗಿ ಹೇಳಿದರು. ನೀವು ನಿಮ್ಮ ಆಸ್ತಿ ಕೊಟ್ಟಿರಿ, ದೇಹವನ್ನೂ ಕೊಟ್ಟಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂದರು. ಅಲ್ಲಿ ಕೂತಿದ್ದ ಕೆಲವರಿಗೆ ಅದು ಕಹಿಯಾಯಿತು. ನನಗಂತೂ ಆ ಮಾತು ಇವತ್ತಿಗೂ ಹಳತಾಗಿಲ್ಲ.

ಸ್ನೇಹಕ್ಕೆ ಎರಡೂ ಕಡೆಯಿಂದ ಕೊಡು-ಕೊಳ್ಳುವುದು ಬೇಕು. ಮಿಷನರಿಗೆ ಕೊಟ್ಟು ಅಭ್ಯಾಸ, ತೆಗೆದುಕೊಳ್ಳಲು ಸಂಕೋಚ. ಯೇಸು ಸಮಾರ್ಯದ ಬಾವಿಯ ಹತ್ತಿರ ಆ ಹೆಂಗಸಿನ ಜೊತೆ ಮಾತು ಶುರು ಮಾಡಿದ್ದು ಹೇಗೆ? ಕುಡಿಯಲು ನೀರು ಕೇಳಿದರು. ದಣಿದಿದ್ದರು, ಬಾಯಾರಿತ್ತು, ಕೇಳಿದರು. ನೀವೂ ಆ ರಾತ್ರಿ ಬಾಗಿಲು ಬಡಿದು ಕೇಳಿದಿರಿ. ಇನ್ನೂ ಕೇಳಿ. ಪ್ರಸಂಗದಲ್ಲಿ ಅರ್ಥವಾಗದ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಆರಾಧನೆ ಮುಗಿದ ಮೇಲೆ ಆ ಅಕ್ಕನ ಹತ್ತಿರ ಕೇಳಿ. ಮುಂದಿನ ಭಾನುವಾರ ಮುಂದಿನ ಸಾಲು ಬಿಟ್ಟು ಅವರ ಪಕ್ಕ ಹೋಗಿ ಕೂತುಬಿಡಿ. ಯಾರಾದರೂ ಮುಂದೆ ಬನ್ನಿ ಎಂದರೆ, ಪಾಠ ಹೇಳಿಸಿಕೊಳ್ಳಲು ಇಲ್ಲಿ ಕೂತಿದ್ದೇನೆ ಎನ್ನಿ. ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಮಗಳ ವಿಷಯ ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಕಳೆದ ರಜೆಯಲ್ಲಿ ಬಂದಾಗ ಸಭೆಯಲ್ಲಿ ಅವಳನ್ನು ಮುಂದೆ ನಿಲ್ಲಿಸಿ ಆ ದೇಶದ ಭಾಷೆಯಲ್ಲಿ ಹಾಡು ಎಂದರು. ಅವಳು ಹಾಡಲಿಲ್ಲ, ಅತ್ತಳು. ಆಮೇಲೆ ನಿಮ್ಮನ್ನು ಕೇಳಿದಳು, "ಅಮ್ಮಾ, ನಮ್ಮ ಊರು ಯಾವುದು?" ಅವಳಿಗೆ ಭಕ್ತಿ ಕಡಿಮೆಯಾಗಿದೆ ಎಂದು ಯಾರೋ ಹೇಳಿದ್ದಕ್ಕೆ ನೀವು ನೊಂದಿದ್ದೀರಿ. ಅದನ್ನು ಮನಸ್ಸಿನಿಂದ ತೆಗೆದುಹಾಕಿ.

1950ರ ದಶಕದಲ್ಲಿ ಜಾನ್ ಮತ್ತು ರೂತ್ ಯೂಸೀಮ್ ಎಂಬ ಸಮಾಜಶಾಸ್ತ್ರಜ್ಞ ದಂಪತಿ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರ ಬದುಕನ್ನು ಹತ್ತಿರದಿಂದ ನೋಡಿದರು. ಅಂಥ ಮನೆಗಳ ಮಕ್ಕಳಿಗೆ ರೂತ್ ಒಂದು ಹೆಸರು ಕೊಟ್ಟರು: ಮೂರನೇ ಸಂಸ್ಕೃತಿಯ ಮಕ್ಕಳು. ತಂದೆತಾಯಿಯ ನಾಡಿನದು ಒಂದು, ಇರುವ ನಾಡಿನದು ಒಂದು, ಇವೆರಡರ ನಡುವೆ ಬದುಕುವವರು ಕಟ್ಟಿಕೊಳ್ಳುವುದು ಮೂರನೆಯದು. ನಿಮ್ಮ ಮಗಳ ಪ್ರಶ್ನೆ ಆ ಮೂರನೆಯ ಜಾಗದಿಂದ ಬಂದದ್ದು. ಅವಳಿಗೆ ಒಂದೇ ಊರಿನ ಹೆಸರು ಹೇಳಿ ಸುಮ್ಮನಾಗಿಸಬೇಡಿ. ಎರಡೂ ನಿನ್ನದೇ ಎಂದು ಹೇಳಿ. ಎರಡನ್ನೂ ಬಿಟ್ಟು ಬರುವಾಗ ಅಳು ಬಂದರೆ ಅಳಲಿ.

ಹಿಂದೆ ಈ ಮಕ್ಕಳು ಪಟ್ಟದ್ದು ಇನ್ನೂ ಜಾಸ್ತಿ. ಎರಿಕ್ ಲಿಡೆಲ್ 1902ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಹುಟ್ಟಿದ ಮಿಷನರಿ ಮಗ. ಆರನೇ ವಯಸ್ಸಿಗೆ ಅವರನ್ನೂ ಅಣ್ಣನನ್ನೂ ಲಂಡನ್ನಿನ ಹಾಸ್ಟೆಲ್ ಶಾಲೆಗೆ ಸೇರಿಸಿ ತಂದೆತಾಯಿ ಚೀನಾಕ್ಕೆ ಮರಳಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟ ಗೆದ್ದ ಲಿಡೆಲ್ ಅವರೇ. ಮರುವರ್ಷ ಅವರೂ ಚೀನಾಕ್ಕೆ ಸೇವೆಗೆ ಹೋದರು. 1941ರಲ್ಲಿ ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಬೇಕಾಯಿತು. 1945ರಲ್ಲಿ ಜಪಾನೀಯರ ಸೆರೆ ಶಿಬಿರದಲ್ಲಿ ತೀರಿಕೊಂಡರು. ಮೂರನೇ ಮಗಳ ಮುಖವನ್ನು ಅವರು ನೋಡಲೇ ಇಲ್ಲ. ಅವರ ಓಟದ ಕತೆ ಹೇಳುವಾಗ ಹಾಸ್ಟೆಲ್‌ನಲ್ಲಿ ಉಳಿದ ಆ ಆರು ವರ್ಷದ ಹುಡುಗನನ್ನೂ ನೆನೆಯಬೇಕು ಅನ್ನಿಸುತ್ತದೆ ನನಗೆ.

ನಿಮ್ಮ ಮಗಳು ನಿಮ್ಮ ಜೊತೆಯಲ್ಲೇ ಇದ್ದಾಳೆ. ಮುಂದಿನ ರಜೆಯಲ್ಲಿ ಬಂದಾಗ ಅವಳನ್ನು ಕೇಳದೆ ವೇದಿಕೆ ಹತ್ತಿಸಬೇಡಿ. ಬೇಡ ಎಂದರೆ ಬೇಡ. ಸಂಡೇ ಸ್ಕೂಲ್ ಟೀಚರ್‌ಗಳಿಗೆ ಈ ಪುಟವನ್ನೇ ತೋರಿಸಿ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೆಕ್ಕವನ್ನು ಪೂರ್ತಿ, ಸರಿಯಾಗಿ ಕೊಡಿ. ಅಲ್ಲಿಗೆ ನಿಮ್ಮ ಹೊಣೆ ಮುಗಿಯಿತು. ಒಂದು ಕುಟುಂಬವನ್ನು ಕಳಿಸಿದ ಸಭೆಗೆ ಆ ಕುಟುಂಬ ಬಟ್ಟೆ ಒಗೆಯುತ್ತದೆ ಎಂದು ಗೊತ್ತಿರಬೇಕು.

ಈ ತಿಂಗಳ ಪ್ರಾರ್ಥನಾ ಪತ್ರದ ಒಂದು ಪ್ರತಿಯನ್ನು ನಮಗೂ ಕಳಿಸಿ. ಒಂದು ಮಾಮೂಲಿ ಮಂಗಳವಾರ ಬೆಳಗಿನಿಂದ ರಾತ್ರಿಯವರೆಗೆ ಏನೇನಾಯಿತೋ ಅದನ್ನೇ ಬರೆಯಿರಿ. ಭಾಷೆಯ ಪಾಠದಲ್ಲಿ ತಪ್ಪಿದ್ದು, ಮಗನ ಹಟ, ಮಗಳ ಪ್ರಶ್ನೆ, ಯಾರ ಜೊತೆ ಬಾಗಿಲಲ್ಲಿ ನಿಂತು ಮಾತಾಡಿದಿರಿ, ಯಾವ ಹೊತ್ತಿನಲ್ಲಿ ಪ್ರಾರ್ಥನೆ ಮಾಡಲೂ ಆಗಲಿಲ್ಲ, ಎಲ್ಲ ಇರಲಿ. ಒಂದು ಸಾಲನ್ನೂ ತೆಗೆಯದೆ ಅಚ್ಚು ಹಾಕುತ್ತೇನೆ.

ಇನ್ನೊಂದು. ಆ ಅಕ್ಕ ರಾತ್ರಿಯಿಡೀ ಏನೋ ಹಾಡುತ್ತಿದ್ದರು, ಅರ್ಥವಾಗಲಿಲ್ಲ ಎಂದಿದ್ದೀರಲ್ಲ, ಭಾನುವಾರ ಪಕ್ಕದಲ್ಲಿ ಕೂತಾಗ ಆ ಹಾಡಿನ ಸಾಲುಗಳನ್ನು ಕೇಳಿ ಬರೆದುಕೊಳ್ಳಿ. ಅರ್ಥವನ್ನೂ ಅವರಿಂದಲೇ ಹೇಳಿಸಿಕೊಳ್ಳಿ. ಅವರು ಒಪ್ಪಿದರೆ ಆ ಸಾಲುಗಳನ್ನೂ ಪತ್ರದ ಜೊತೆ ಕಳಿಸಿ.

ಪ್ರಾರ್ಥನೆಯಲ್ಲಿ ನಿಮ್ಮ ಜೊತೆಗಿರುವ,
ಸಂಪಾದಕ