ಫಿನ್ ತಣ್ಣಗ ಐತಿ ಅಂತ ಖುಷಿ ಪಡಬ್ಯಾಡ್ರಿ

ಗಂಗಾವತಿ ಅಣ್ಣಾರ, ನಿಮ್ಮ ಪೋಸ್ಟ್ ನೋಡಿದೆ. ಕಂಪ್ಯೂಟರಿನ ಐ5-12400 ಪ್ರೊಸೆಸರ್ ಮ್ಯಾಲ ನಾಕು ಹೀಟ್‌ಪೈಪಿನ (ಶಾಖ ಸಾಗಿಸೋ ತಾಮ್ರದ ಕೊಳವಿ) ಹೊಸಾ ಟವರ್ ಕೂಲರ್ ಕೂಡ್ಸೀರಿ, ರೆಂಡರ್ ಹಚ್ಚಿದ ಒಂದ ನಿಮಿಷಕ್ಕ 98 ಡಿಗ್ರಿ. ಫಿನ್ (ಪೈಪಿಗೆ ಜೋಡಿಸಿದ ತೆಳು ತಗಡು) ಮುಟ್ಟಿದ್ರ ತಣ್ಣಗ ಐತಿ, ಅಂದ್ರ ಕೂಲರ್ ಛಲೋ ಐತಿ, ಸೆನ್ಸರ್ ಸುಳ್ಳು ಹೇಳಾಕತ್ತೈತಿ ಅಂತ ಬರ್ದೀರಿ. ಅದರ ಮ್ಯಾಲ ಕೂಲರ್ ರ‍್ಯಾಮ್‌ಗೆ ತಾಗತೈತಿ ಅಂತ ಪಕ್ಕಡ್ ಹಿಡದು ಪೈಪ್ ಬಗ್ಗಸ್ತೀನಿ ಅಂತೀರಿ! ಮೊದಲ ಪಕ್ಕಡ್ ಕೆಳಗ ಇಡ್ರಿ.

ಫಿನ್ ಲೆಕ್ಕದಾಗ ನಾನೂ ಹಿಂಗ ಎಡವಿದ್ದೆ. ಸೆನ್ಸರ್ ಖರೇನ ಹೇಳತೈತಿ. ಪ್ರೊಸೆಸರ್ 98 ಇದ್ದಾಗ ಫಿನ್ ತಣ್ಣಗಿದ್ರ ಶಾಖ ಅಲ್ಲಿ ತನಕ ಬಂದೇ ಇಲ್ಲ ಅಂತ ಅರ್ಥ. ಕೆಲಸ ಮಾಡೋ ಕೂಲರ್‌ನ ಫಿನ್ ಲೋಡ್ ಇದ್ದಾಗ ಕೈಗೆ ಬೆಚ್ಚಗ ಹತ್ತಬೇಕು.

ಪೈಪಿನಾಗ ಕೂಲಂಟ್ ತುಂಬಿರ್ತಾರ ಅಂತ ಮ್ಯಾಲಿನ ಕಾಮೆಂಟಿನಾಗ ಯಾರೋ ಬರದಾರ. ಇಲ್ಲ. ಕಂಪ್ಯೂಟರ್ ಕೂಲರಿನ ತಾಮ್ರದ ಪೈಪಿನಾಗ ಇರೋದು ಸ್ವಲ್ಪ ಶುದ್ಧ ನೀರು, ಅದೂ ಒಳಗೋಡೆಯ ಬತ್ತಿ ತೊಯ್ಯುವಷ್ಟ. ಗಾಳಿ ಎಲ್ಲಾ ಎಳದು ಮುಚ್ಚಿರ್ತಾರ, ಹಂಗಾಗಿ 30–40 ಡಿಗ್ರಿಗೇ ನೀರು ಆವಿ ಆಗಿ ತಣ್ಣನ ತುದಿಗೆ ಓಡತೈತಿ, ಅಲ್ಲಿ ಮತ್ತ ನೀರಾಗಿ ಶಾಖ ಬಿಡತೈತಿ. ಇಡ್ಲಿ ಪಾತ್ರಿ ಮುಚ್ಚಳ ತಗಿಯುವಾಗ ಹಬಿ ಕೈ ಸುಡೋದು ಇದಕ್ಕ. ಒಂದು ಗ್ರಾಂ ನೀರು ಆವಿ ಆಗಾಕ ಸುಮಾರು 2,400 ಜೂಲ್ ನುಂಗತೈತಿ. ನಿಮ್ಮ ಪ್ರೊಸೆಸರ್ ಟರ್ಬೊದಾಗ (ಪೂರ್ತಿ ಜೋರಿನಾಗ) 117 ವ್ಯಾಟ್ ತಗೊಂಡ್ರೂ ಸೆಕೆಂಡಿಗೆ 0.05 ಗ್ರಾಂ ನೀರು ತಿರುಗಿದ್ರ ಸಾಕು. ವಾಪಸ್ ಬರೋದು ಬತ್ತಿ ಮ್ಯಾಲ, ದೀಪದ ಬತ್ತಿ ಎಣ್ಣಿ ಏರಿಸಿದಂಗ. ಆ ಬತ್ತಿ ಅಂದ್ರ ಒಳಗ ಅಂಟಿಸಿದ ತಾಮ್ರದ ಪುಡಿ. ಪಕ್ಕಡ್‌ನಿಂದ ಬಗ್ಗಿಸಿದ್ರ ಅದು ಬಿರಕ ಬಿಡತೈತಿ, ಪೈಪ್ ಚಪ್ಪಟಿ ಆಗತೈತಿ, ಆವಿಗೂ ದಾರಿ ಇಲ್ಲ, ನೀರಿಗೂ ದಾರಿ ಇಲ್ಲ. 6 ಎಂಎಂ ಪೈಪನ್ನ ಕಂಪನಿಯವರೂ ಸುಮಾರು 18 ಎಂಎಂ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಾಕ ಹಿಂದಮುಂದ ನೋಡ್ತಾರ. ರ‍್ಯಾಮ್ ತಾಗಿದ್ರ ಫ್ಯಾನನ್ನ ಕ್ಲಿಪ್ ಮ್ಯಾಲ 5–10 ಎಂಎಂ ಏರಿಸ್ರಿ, ಇಲ್ಲಂದ್ರ ಹಿಂದಿನ ಬದಿಗೆ ಹಾಕಿ ಗಾಳಿ ಎಳಿಯೋ ಹಂಗ ಮಾಡ್ರಿ. ಒಂದೆರಡು ಡಿಗ್ರಿ ಹೆಚ್ಚು ಕಡಿಮಿ ಆಗತೈತಿ, ಅಷ್ಟ.

ಈಗ ಕೂಲರ್ ಬಿಚ್ಚ್ರಿ. ತಳದ ಪ್ಲಾಸ್ಟಿಕ್ ಹಾಳಿ ಕಿತ್ತೀರೇನು? ನಗಬ್ಯಾಡ್ರಿ, ಇಂಥಾ ಕೇಸೂ ಇರತಾವು. ಥರ್ಮಲ್ ಪೇಸ್ಟಿನ (ಪ್ರೊಸೆಸರ್ ಮತ್ತ ಕೂಲರ್ ತಳದ ನಡುವ ಹಚ್ಚೋ ಲೇಪ) ಗುರುತು ನೋಡ್ರಿ: ನಡುವ ಮಾತ್ರ ಅಥವಾ ಒಂದ ಬದಿ ಒತ್ತಿದ್ರ ಫಿಟಿಂಗ್ ತಪ್ಪೈತಿ. ನಿಮ್ಮ ಪ್ರೊಸೆಸರ್ ಕೂಡೋ ಎಲ್‌ಜಿಎ1700 ಸಾಕೆಟ್ಟಿನಾಗ ಪ್ರೊಸೆಸರ್ ಎತ್ತರ ಹಳೇ 1200ಕ್ಕಿಂತ ಕಡಿಮಿ, ಡಬ್ಬಿಯಾಗಿನ ಹಳೇ ಸ್ಟ್ಯಾಂಡ್‌ಆಫ್ (ಕೂಲರ್ ಎತ್ತಿ ಹಿಡಿಯೋ ಸಣ್ಣ ಕಂಬ) ಹಾಕಿದ್ರ ತಳ ಸರಿಯಾಗಿ ಒತ್ತಂಗಿಲ್ಲ.

ಇವೆರಡೂ ಸರಿ ಇದ್ರ ಪೈಪ್ ಸತ್ತೈತೇನು ನೋಡಬೇಕು. ಬಿಸಿನೀರಿನ ಟೆಸ್ಟ್ ಬಿಟ್ಟು ಬ್ಯಾರೆ ಯಾವುದನ್ನೂ ನಾ ನಂಬಂಗಿಲ್ಲ. ಫ್ಯಾನ್ ತಗದಿಡ್ರಿ, ಪೇಸ್ಟ್ ಒರಸ್ರಿ. ಅಗಲ ಬಾಯಿಯ ಬಟ್ಟಲದಾಗ 60–70 ಡಿಗ್ರಿ ನೀರು, ತಳದ ತಾಮ್ರ ಮುಳುಗುವಷ್ಟ. ಕುದಿಯೋ ನೀರು ಬ್ಯಾಡ, ಪೈಪ್ ತಡಿತೈತಿ, ನಿಮ್ಮ ಬೆರಳು ತಡಿಯಂಗಿಲ್ಲ. ತಳ ಅದ್ದಿ, ಮ್ಯಾಲ ಫಿನ್‌ನಿಂದ ಹೊರಗ ಬಂದಿರೋ ಚೂಪು ತುದಿಗಳನ್ನ ಒಂದೊಂದ ಮುಟ್ಟ್ರಿ, ಫಿನ್ ಮುಟ್ಟಬ್ಯಾಡ್ರಿ. ನಾಕು ಪೈಪಿಗೆ ಎಂಟು ತುದಿ. ಜೀವಂತ ಪೈಪಿನ ತುದಿ 5–10 ಸೆಕೆಂಡಿಗೆ ಬಿಸಿ. ಸತ್ತ ಪೈಪ್ ಅರ್ಧ ನಿಮಿಷ ಆದ್ರೂ ಹಿಂದ ಉಳಿತೈತಿ. ಆಮ್ಯಾಲ ಪಕ್ಕದ ಪೈಪಿನ ಶಾಖ ಫಿನ್ ಹಾಯ್ದು ಬಂದು ನಿಮ್ಮನ್ನ ಯಾಮಾರಸತೈತಿ, ಅದಕ್ಕ ಮೊದಲ ಹತ್ತು ಸೆಕೆಂಡ ಮುಖ್ಯ. ಎಂಟೂ ಬಿಸಿ ಆದ್ರೂ ಮುಗೀಲಿಲ್ಲ. ತಳ ಕೆಳಗಿದ್ದಾಗ ನೀರು ತಂತಾನ ಇಳದು ಬರತೈತಿ, ಬತ್ತಿ ಕೆಟ್ಟಿದ್ರೂ ಪಾಸ್ ಆಗತೈತಿ. ಅದಕ್ಕ ತಣ್ಣಗಾದ ಮ್ಯಾಲ ಕೂಲರನ್ನ ತಲೆಕೆಳಗ ಹಿಡದು, ತಳದ ಮ್ಯಾಲ ಬಿಸಿನೀರಾಗ ಅದ್ದಿದ ಬಟ್ಟಿ ಇಟ್ಟು ಮತ್ತ ನೋಡ್ರಿ. ಆಗ ಯಾವ ತುದಿ ಹಿಂದ ಬಿತ್ತೋ ಆ ಪೈಪಿನ ಬತ್ತಿ ಹೋಗೈತಿ. ಮತ್ತ ಹಚ್ಚೂಕಿಂತ ಮೊದಲ ಪೂರ್ತಿ ಒಣಗಲಿ.

ಎಲ್ಲಾ ಪೈಪ್ ಸರಿ, ಸಣ್ಣ ಕೆಲಸಕ್ಕ ತಣ್ಣಗ, ಜೋರ್ ಲೋಡಿಗೆ ಒಮ್ಮಿಗೇ 20 ಡಿಗ್ರಿ ಜಿಗದ್ರ ಅದು ಬ್ಯಾರೆ: ಬತ್ತಿ ತರೂಕಿಂತ ಜೋರಾಗಿ ನೀರು ಆವಿ ಆಗಿ ತಳ ಒಣಗೈತಿ. ಲೋಡ್ ಇಳದ್ರ ತಾನ ಸರಿ ಆಗತೈತಿ. 6 ಎಂಎಂ ಪೈಪಿಗೆ 30–40 ವ್ಯಾಟ್ ಅಂತ ಹಿಡ್ಕೋರಿ. ಡಬ್ಬಿ ಮ್ಯಾಲ 220 ವ್ಯಾಟ್ ಅಂತ ಅಚ್ಚು ಹಾಕಿದ್ದು ನೋಡಿ ಐ7 ಕೆ (ಭಾಳ ವ್ಯಾಟ್ ತಿನ್ನೋ ಪ್ರೊಸೆಸರ್) ಹಾಕಬ್ಯಾಡ್ರಿ. ನಿಮ್ಮ 12400ಕ್ಕ ನಾಕು ಪೈಪ್ ಧಾರಾಳ. ಡೀಪ್‌ಕೂಲ್ ಎಜಿ400 ಕೂಲರ್ ಸಾಕು. ಆರು ಪೈಪ್ ಬೇಕಂದ್ರ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್. ನಾಕ್ಟುವಾ ಕಂಪನಿದು ಛಲೋ ಖರೆ, ಈ ಪ್ರೊಸೆಸರಿಗೆ ಆ ರೊಕ್ಕ ದಂಡ. ಹೆಸರಿಲ್ಲದ ಬಣ್ಣದ ಲೈಟಿನ ಕೂಲರ್ ಮಾತ್ರ ತಗೋಬ್ಯಾಡ್ರಿ, ಒಳಗ ಬತ್ತಿ ಐತೋ ಬರೀ ಕೊಳವಿ ಐತೋ ದೇವರಿಗೇ ಗೊತ್ತು.

ಪೈಪ್ ನೇರ ಪ್ರೊಸೆಸರಿಗೆ ಮುಟ್ಟೋ ತಳ ಇದ್ರ ನಡುವ ಒಂದು ಹನಿ ಪೇಸ್ಟ್ ಸಾಲಂಗಿಲ್ಲ, ಸಂದಿ ಇರತಾವು. ಪೈಪಿನ ಉದ್ದಕ್ಕ ತೆಳು ಗೆರಿ ಎಳೀರಿ. ಆರ್ಕ್ಟಿಕ್ ಎಂಎಕ್ಸ್-4 ಸಾಕು. ಲಿಕ್ವಿಡ್ ಮೆಟಲ್ (ಗ್ಯಾಲಿಯಂ ಇರೋ ದ್ರವ ಲೋಹ) ಮಾತ್ರ ಹಚ್ಚಬ್ಯಾಡ್ರಿ! ಪೈಪ್ ನಡುವ ಇರೋದು ಅಲ್ಯೂಮಿನಿಯಂ, ಗ್ಯಾಲಿಯಂ ಅದನ್ನ ತಿಂದು ಹಾಕತೈತಿ. ಸ್ಕ್ರೂ ಎದುರು-ಬದುರು ಮೂಲಿಗೆ ಎರಡೆರಡ ಸುತ್ತು ಬಿಗಿ ಮಾಡ್ಕೋತ ಹೋಗ್ರಿ.

ಬೇಸಿಗಿ ಲೆಕ್ಕನೂ ಇಟ್ಕೋರಿ. ಹೀಟ್‌ಪೈಪ್ ರೂಮಿನ ಶಾಖಕ್ಕಿಂತ ಕೆಳಗ ಇಳಿಸಂಗಿಲ್ಲ. 28ರಾಗ 62 ತೋರಿಸಿದ್ದು ನಮ್ಮ ಕಡೆ 42ರ ಮಧ್ಯಾಹ್ನ 76 ತೋರಿಸಿದ್ರ ಕೂಲರ್ ಕೆಟ್ಟಿಲ್ಲ. ಆದ್ರ ನಿಮ್ಮೂರಿನ ರೈಸ್ ಮಿಲ್ ತೌಡು, ಬಳ್ಳಾರಿ ಕಡೆ ಜೀನ್ಸ್ ಹೊಲಿಯೋರ ಅಂಗಡಿ ಜುಂಗು ಫಿನ್ ನಡುವ ಕಂಬಳಿ ಹೊಚ್ಚಿದಂಗ ಕೂಡತೈತಿ. ಎರಡು ತಿಂಗಳಿಗೊಮ್ಮಿ ಗಾಳಿ ಹೊರಬೀಳೋ ಬದಿಯಿಂದ ಬ್ಲೋವರ್ ಹಿಡೀರಿ, ಫ್ಯಾನ್ ರೆಕ್ಕಿ ಬೆರಳಿಂದ ಒತ್ತಿ ಹಿಡದ. ಗರಗರ ತಿರುಗಾಕ ಬಿಟ್ರ ಬೇರಿಂಗ್ ಹೋಗತೈತಿ.

ಕೆಲಸ ನಿಲ್ಲಬಾರದು ಅಂದ್ರ ಅಲ್ಲಿ ತನಕ ಬಯೋಸಿನಾಗ (ಕಂಪ್ಯೂಟರ್ ಶುರು ಆಗುವಾಗಿನ ಸೆಟ್ಟಿಂಗ್) ಪಿಎಲ್2, ಅಂದ್ರ ಟರ್ಬೊದಾಗ ತಗೊಳ್ಳೋ ವ್ಯಾಟಿನ ಮಿತಿ, 65 ವ್ಯಾಟಿಗೆ ಇಳಿಸಿಡ್ರಿ. ತಳದ ಪೇಸ್ಟ್ ಗುರುತಿನ ಫೋಟೊ ಒರಸೂಕಿಂತ ಮೊದಲ ಹಾಕ್ರಿ, ಎಂಟು ತುದಿಯಾಗ ಯಾವ್ಯಾವು ಹಿಂದ ಬಿದ್ದವು ಅಂತನೂ ಬರೀರಿ.